ಕರುಳಿನ ಬಾಗಿಲು ಮತ್ತು ಅರ್ಧ ಚಮಚ ಉಪ್ಪು

ರಾಗಿ ಮುದ್ದೆಯನ್ನು ಅಗಿದು ತಿನ್ನುವವರು ಅಪರೂಪ. ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗುವುದೇ ರೂಢಿ. ಹೀಗಾಗಿ ಪಿಷ್ಟವನ್ನು ಒಡೆಯಬೇಕಾದ ಜೊಲ್ಲಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ರೊಟ್ಟಿಯ ಚೂರನ್ನು ಸ್ವಲ್ಪ ಹೊತ್ತು ಅಗಿಯುತ್ತಿದ್ದರೆ ಬಾಯಿ ಸಿಹಿಯಾಗುತ್ತದೆ. ಅದು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಕೆಲಸ. ಮುದ್ದೆ ಉಂಡವರಿಗೆ ಆ ಸಿಹಿ ಸಿಗದಿದ್ದರೂ ಶಕ್ತಿಗೇನೂ ಕೊರತೆಯಾಗುವುದಿಲ್ಲ. ಬಾಯಿ ಬಿಟ್ಟ ಕೆಲಸವನ್ನು ಹೊಟ್ಟೆಯೊಳಗಿನ ಅಂಗಗಳು ಮುಗಿಸುತ್ತವೆ.

ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಸೇರಿ ಸಾರಿನಲ್ಲಿದ್ದ ಬೇಳೆಕಾಳಿನ ಪ್ರೋಟೀನನ್ನು ಒಡೆಯತೊಡಗುತ್ತವೆ. ಊಟವೆಲ್ಲ ಗಂಜಿಯಂತಾಗಿ ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಆಮ್ಲದ ಹುಳಿಯನ್ನು ಕಳೆದು, ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಬಿಡಿಸುತ್ತದೆ. ಪಿತ್ತರಸವು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿಸಿ ನೆರವಾಗುತ್ತದೆ. ಕೊನೆಗೆ ಪಿಷ್ಟವು ಗ್ಲೂಕೋಸ್ ಆಗಿ, ಪ್ರೋಟೀನು ಅಮೈನೋ ಆಮ್ಲಗಳಾಗಿ ಉಳಿಯುತ್ತವೆ.

ಒಡೆದರೆ ಸಾಲದು, ಹೀರಬೇಕು. ಬಿಡಿಸಿಟ್ಟರೆ ಸುಮಾರು 6 ಮೀಟರ್ ಉದ್ದವಾಗುವ ಸಣ್ಣ ಕರುಳಿನ ಒಳಗೋಡೆ ಮಡಿಕೆಗಳಿಂದ ಕೂಡಿದೆ. ಮಡಿಕೆಗಳ ಮೇಲೆ ಬೆರಳಿನಾಕಾರದ ವಿಲ್ಲೈಗಳಿವೆ, ಅವುಗಳ ಮೇಲೆ ಇನ್ನೂ ಸೂಕ್ಷ್ಮ ಎಳೆಗಳಿವೆ. ಇದರ ವಿಸ್ತೀರ್ಣ ಟೆನಿಸ್ ಅಂಗಣದಷ್ಟು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದಾಗ ಅದು ಸುಮಾರು 30 ಚದರ ಮೀಟರ್ ಎಂದು ತಿಳಿಯಿತು. ಅಂದರೆ 18 ಅಡಿ ಉದ್ದ, 18 ಅಡಿ ಅಗಲದ ಕೋಣೆಯ ನೆಲದಷ್ಟು. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ಇಲ್ಲಿಂದ ರಕ್ತ ಸೇರಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಬಹುಪಾಲು ದುಗ್ಧರಸ ನಾಳಗಳ ಹಾದಿ ಹಿಡಿಯುತ್ತದೆ.

<b>ನೀರಿನ ಲೆಕ್ಕ</b>

ಆಹಾರದಷ್ಟೇ ಮುಖ್ಯವಾದದ್ದು ನೀರು. ದಿನಕ್ಕೆ ನಾವು ಕುಡಿಯುವುದು ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತರಸ ಮೊದಲಾಗಿ ದೇಹವೇ ಕರುಳಿಗೆ ಸುರಿಯುವುದು ಇನ್ನೂ 6-7 ಲೀಟರ್. ಆದರೆ ಮಲದೊಂದಿಗೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದನ್ನೆಲ್ಲ ಕರುಳು ಮರಳಿ ಹೀರುತ್ತದೆ. ಈ ಲೆಕ್ಕ ತಪ್ಪಿದರೆ ಅದೇ ಭೇದಿ. ಕಾಲರಾ ರೋಗಾಣುವಿನ ವಿಷ ಕರುಳಿನಿಂದ ಉಪ್ಪು, ನೀರನ್ನು ಒಂದೇ ಸಮನೆ ಹೊರಹರಿಸುತ್ತದೆ. ತೀವ್ರವಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು.

ಆದರೆ ಈ ವಿಷ ಕೆಡಿಸಲಾಗದ ಬಾಗಿಲೊಂದು ಕರುಳಿನಲ್ಲಿದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಅದು ಎರಡನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅವುಗಳ ಬೆನ್ನಿಗೇ ನೀರೂ ಒಳಸೇರುತ್ತದೆ. ಈ ಜೋಡಿ ಸಾಗಣೆಯ ವಿಚಾರವನ್ನು 1960ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಮಂಡಿಸಿದರು.

<b>ಬನಗಾಂವ್ ಶಿಬಿರ</b>

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಮನೆಯವರೇ ಲೋಟದಲ್ಲಿ ಹಿಡಿದು ರೋಗಿಗಳಿಗೆ ಕುಡಿಸಿದರು. ಶೇ 30ರಷ್ಟಿದ್ದ ಸಾವು ಅಲ್ಲಿ ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಈ ವೈದ್ಯರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು.

ಅಂದಿನ ದ್ರಾವಣವೇ ಸುಧಾರಿಸಿ ಇಂದು ಓಆರ್‌ಎಸ್ ಪೊಟ್ಟಣವಾಗಿದೆ. 1 ಲೀಟರ್ ನೀರಿನ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತವೆ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದ ಅಂಚಿಗೆ ಸಮನಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಅಳತೆ ಮಾತ್ರ ತಪ್ಪಬಾರದು. ಸಕ್ಕರೆ ಹೆಚ್ಚಾದರೆ ಅದೇ ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಬಾಟಲಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ ಎನ್ನುವುದು ಇದಕ್ಕೇ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಇನ್ನಷ್ಟಾಗುತ್ತದೆಂದು ಬಾಯಿ ಕಟ್ಟುವ ಮನೆಗಳು ಇಂದಿಗೂ ಇವೆ. ಇದು ತಪ್ಪು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್ ಕುಡಿಸಬೇಕು. ವಾಂತಿಯಾದರೆ 10 ನಿಮಿಷ ತಡೆದು, ಮತ್ತೆ ಚಮಚದಲ್ಲಿ ನಿಧಾನವಾಗಿ ಕೊಡಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಓಆರ್‌ಎಸ್ ಭೇದಿಯನ್ನು ತಕ್ಷಣ ನಿಲ್ಲಿಸುವ ಔಷಧಿಯಲ್ಲ, ಹೋದ ನೀರನ್ನು ತುಂಬಿಕೊಡುವ ದಾರಿ. ಭೇದಿ ನಿಲ್ಲಲಿಲ್ಲವೆಂದು ಕುಡಿಸುವುದನ್ನು ಬಿಡಬಾರದು.