ಕ್ರಿಯಾಪದಕ್ಕೆ ಕಾದು ಕೂತವರು

ಒಮ್ಮೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ರೇಡಿಯೋದ ಇಂಗ್ಲಿಷ್ ವಾರ್ತೆಯನ್ನು ಜೊತೆಜೊತೆಗೇ ಕನ್ನಡದಲ್ಲಿ ಹೇಳುತ್ತ ಹೋದೆ. ಮೂರನೇ ವಾಕ್ಯಕ್ಕೆ ನನ್ನ ದನಿಯೇ ನನ್ನ ಕಿವಿಗೆ ಅಡ್ಡ ಬಂತು. ಐದನೆಯದಕ್ಕೆ ಬಾಯಿಂದ ಬರುತ್ತಿದ್ದುದೂ ಇಂಗ್ಲಿಷೇ! ಅಂದಿನಿಂದ ದುಭಾಷಿಗಳೆಂದರೆ ನನಗೆ ಒಂದು ತೂಕ ಹೆಚ್ಚು ಗೌರವ.

ಈ ಕಸುಬು ಗಟ್ಟಿ ಪರೀಕ್ಷೆಗೆ ಒಡ್ಡಿಕೊಂಡದ್ದು 1945ರ ನವೆಂಬರಿನಲ್ಲಿ, ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ಶುರುವಾದಾಗ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕೂ ಏಕಕಾಲಕ್ಕೆ ನಡೆಯಬೇಕು. ಮಾತಿನ ವೇಗ ಹೆಚ್ಚಿದರೆ ಹಳದಿ ದೀಪ ಹತ್ತುತ್ತಿತ್ತು. ಕೆಂಪು ಹತ್ತಿದರೆ ಮಾತು ನಿಲ್ಲಿಸಬೇಕು. ಹೆಚ್ಚು ಕಾಡಿದ್ದು ಜರ್ಮನ್. ಅದರ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕೆ? ‘ನಿನ್ನೆ ರಾತ್ರಿ ಆ ಮನೆಯಲ್ಲಿ ನಾನು ಅವನನ್ನು...’ ಎಂದು ಸಾಕ್ಷಿ ಎಳೆಯುತ್ತಿದ್ದಾನೆ ಎನ್ನಿ. ಕಂಡೆನೋ, ಕಾಣಲಿಲ್ಲವೋ? ಒಬ್ಬನ ಕೊರಳು ಆ ಕೊನೆಯ ಪದಕ್ಕೆ ನೇತುಬಿದ್ದಿದೆ. ಆದರೆ ಇಂಗ್ಲಿಷಿಗೆ ಕ್ರಿಯಾಪದ ಕರ್ತೃವಿನ ಬೆನ್ನಿಗೇ ಬೇಕು. ದುಭಾಷಿ ‘ನಿನ್ನೆ ರಾತ್ರಿ’, ‘ಆ ಮನೆಯಲ್ಲಿ’ ಎಂಬ ಅಪಾಯವಿಲ್ಲದ ತುಂಡುಗಳನ್ನು ಮೊದಲು ದಾಟಿಸಿ, ಉಳಿದದ್ದನ್ನು ನಾಲಿಗೆಯ ತುದಿಯಲ್ಲಿ ಹಿಡಿದು ಕಾಯುತ್ತಾಳೆ. ಸಾಮಾನ್ಯವಾಗಿ ಎರಡು–ನಾಲ್ಕು ಸೆಕೆಂಡಿನ ಅಂತರ. ಅದಕ್ಕಿಂತ ಹಿಂದೆ ಬಿದ್ದರೆ ನೆನಪು ತುಂಬಿ ಚೆಲ್ಲುತ್ತದೆ.

ಮಿದುಳಿನಲ್ಲಿ ತಾಯ್ನುಡಿಗೊಂದು ಕೋಣೆ, ಕಲಿತ ನುಡಿಗೊಂದು ಕೋಣೆ ಇಲ್ಲ. ಬಹುಪಾಲು ಅದೇ ಜಾಲ ಎರಡಕ್ಕೂ ದುಡಿಯುತ್ತದೆ, ಒಂದನ್ನು ಆಡುವಾಗ ಇನ್ನೊಂದು ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ಪದ ಹುಡುಕುವುದಕ್ಕಿಂತ ಬೇಡದ ಭಾಷೆಯನ್ನು ತಡೆಹಿಡಿಯುವುದೇ ದೊಡ್ಡ ಕೆಲಸ. ಜಿನೀವಾದ ಸಂಶೋಧಕರು ಬಹುಭಾಷಿಕರನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಕೇಳಿದ್ದನ್ನು ಅದೇ ಭಾಷೆಯಲ್ಲಿ ಒಪ್ಪಿಸುವಾಗಲೂ ಇನ್ನೊಂದಕ್ಕೆ ತಿರುಗಿಸುವಾಗಲೂ ಏನಾಗುತ್ತದೆಂದು ಹೋಲಿಸಿದರು. ತಿರುಗಿಸುವಾಗ ಹೆಚ್ಚು ದುಡಿದವುಗಳಲ್ಲಿ ಮಿದುಳಿನಾಳದ ಕಾಡೇಟ್ ಇತ್ತು. ಅದರ ನೆರೆಯ ಪುಟಾಮೆನ್ನಿನ ಚಟುವಟಿಕೆ, ಕೇಳುವುದೂ ಆಡುವುದೂ ಎಷ್ಟು ಹೊತ್ತು ಒಂದರ ಮೇಲೊಂದು ಬೀಳುತ್ತವೆ ಎಂಬುದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಕೈಕಾಲುಗಳ ಚಲನೆಯನ್ನು ಹದದಲ್ಲಿಡುವುದೂ ಇವೇ ಭಾಗಗಳು.

ಇಷ್ಟು ದುಡಿಮೆ ಹೆಚ್ಚು ಹೊತ್ತು ನಡೆಯದು. ವಿಶ್ವಸಂಸ್ಥೆಯ ಹೆಚ್ಚಿನ ಗಾಜಿನ ಗೂಡುಗಳಲ್ಲಿ ಇಬ್ಬರು ಕೂತು ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುತ್ತಾರೆ. ಬಿಡುವಿನಲ್ಲಿರುವವರು ಸುಮ್ಮನಿರುವುದು ಕಡಿಮೆ. ಸಂಖ್ಯೆಗಳನ್ನು ಸಂದರ್ಭದಿಂದ ಊಹಿಸಲಾಗದಲ್ಲ! ನಮ್ಮ ಕಡೆಯವರಿಗಂತೂ ಮಿಲಿಯನ್ನು ಕೋಟಿಯಾಗಬೇಕು. ಆಗ ಪಕ್ಕದಿಂದ ಒಂದು ಚೀಟಿ ಸರಿದು ಬರುತ್ತದೆ, ಪೆನ್ಸಿಲಿನಲ್ಲಿ: 250 ಮಿಲಿಯನ್, 25 ಕೋಟಿ.