ಸ್ಕ್ಯಾನರ್‌ಗೆ ಸಂಪರ್ಕ ಸಿಗದಿದ್ದರೆ ಗಾಡಿಯ ಕಂಪ್ಯೂಟರ್ ಕೆಟ್ಟಿದೆಯೆಂದೇ ಅಲ್ಲ



ನಮ್ಮಲ್ಲಿ ಕೆಲವರು ಸಾಲ ಮಾಡಿ ಪಿಕಪ್ ಗಾಡಿ ಕೊಂಡು ಹಾಲಿನ ಕ್ಯಾನ್ ಸಾಗಿಸುತ್ತಾರೆ. ಬೇಸಿಗೆಯಲ್ಲಿ ಆ ಗಾಡಿ ದಾರಿಯಲ್ಲಿ ನಿಂತರೆ ಕ್ಯಾನಿನ ಹಾಲು ಹುಳಿಯಾಗಲು ಹೆಚ್ಚು ಹೊತ್ತು ಬೇಡ. ನಷ್ಟ ಗಾಡಿ ಮಾಲೀಕನಿಗೆ ಮಾತ್ರವಲ್ಲ, ಹಾಲು ಹಾಕಿದವರಿಗೂ ಉಂಟು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಗಾಡಿಗಳು ಬಿ.ಎಸ್.-6 ಮಟ್ಟದವು. ಇವುಗಳ ಇಂಜಿನ್ನನ್ನು ನಡೆಸುವುದು ಒಂದು ಪುಟ್ಟ ಕಂಪ್ಯೂಟರ್. ದೋಷ ಕಂಡರೆ ಅದು ಸಂಕೇತ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮೀಟರಿನಲ್ಲಿ ಹಳದಿ ದೀಪ ಹಚ್ಚುತ್ತದೆ. ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಆ ಸಂಖ್ಯೆಯನ್ನು ಓದಬಹುದು. ಬೀಗದ ಕೈ ತಿರುಗಿಸಿ ಮೀಟರಿನ ದೀಪಗಳು ಹತ್ತಿದರೆ ಸಾಕು, ಇಂಜಿನ್ ಓಡಬೇಕಾಗಿಲ್ಲ.

ತೊಂದರೆ ಬರುವುದು ಸ್ಕ್ಯಾನರ್ “ಸಂಪರ್ಕವಿಲ್ಲ” ಎಂದಾಗ. “ಕಂಪ್ಯೂಟರೇ ಹೋಗಿದೆ, ಹೊಸದು ಹಾಕಬೇಕು” ಎಂಬ ಮಾತು ಕೂಡಲೇ ಬರುವುದುಂಟು. ಅದು ದುಬಾರಿ ಬಾಬತ್ತು. ಥರ್ಮಾಮೀಟರ್ ಕೆಲಸ ಮಾಡಲಿಲ್ಲವೆಂದು ಯಾರೂ ರಾಸನ್ನು ಮಾರುವುದಿಲ್ಲವಷ್ಟೆ!

ಮೊದಲು ನೋಡಬೇಕಾದದ್ದು ಫ್ಯೂಸ್. ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಕರೆಂಟು ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೂ ಅದೇ ಫ್ಯೂಸು. ಕಳಪೆ ಚಾರ್ಜರಿನಿಂದ ಅದು ಸುಟ್ಟರೆ ಸ್ಕ್ಯಾನರ್‌ಗೆ ಜೀವವೇ ಬಾರದು. 4 ಮತ್ತು 5ನೇ ಪಿನ್ನುಗಳು ಅರ್ಥ್. 16 ಹಾಗೂ 4ರ ನಡುವೆ ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯಷ್ಟೇ, ಅಂದರೆ ಪಿಕಪ್‌ಗಳಲ್ಲಿ 12 ವೋಲ್ಟಿನ ಮೇಲೆ ತೋರಿಸಬೇಕು. 16 ಹಾಗೂ 5ರ ನಡುವೆಯೂ ಅಷ್ಟೇ. ದೊಡ್ಡ ಟ್ಯಾಂಕರುಗಳದು 24 ವೋಲ್ಟ್. 12 ವೋಲ್ಟಿನ ಸ್ಕ್ಯಾನರನ್ನು ಅವುಗಳಿಗೆ ಚುಚ್ಚಬಾರದು.

ಕರೆಂಟು ಸರಿಯಿದ್ದರೆ ಮಾತುಕತೆಯ ತಂತಿಗಳನ್ನು ನೋಡಿಸಿರಿ. ಈಗಿನ ಗಾಡಿಗಳಲ್ಲಿ ಇವು 6 ಮತ್ತು 14ನೇ ಪಿನ್ನುಗಳಲ್ಲಿ ಇರುತ್ತವೆ. ಬ್ಯಾಟರಿ ಕಳಚಿ ಇವೆರಡರ ನಡುವೆ ಅಳೆದರೆ ಹೆಚ್ಚಿನ ಗಾಡಿಗಳಲ್ಲಿ ಸುಮಾರು 60 ಓಮ್ ಬರುತ್ತದೆ. 120 ಬಂದರೆ ಎಲ್ಲೋ ತಂತಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ ಎಂದು ತಿಳಿಯಬಹುದು. ಇಲಿ ಕಡಿದ ತಂತಿಯೂ ಇದಕ್ಕೆ ಕಾರಣವಾಗಬಹುದು. ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೇಕಿನ ಕಂಪ್ಯೂಟರ್ ಉತ್ತರಿಸಿ ಇಂಜಿನ್ನಿನದು ಮಾತ್ರ ಮೌನವಾಗಿದ್ದರೆ “ಯು 0100” ಎಂಬ ಸಂಕೇತ ಬರಬಹುದು. ಆಗಲೂ ಇಂಜಿನ್ ಕಂಪ್ಯೂಟರಿನ ಸ್ವಂತ ಫ್ಯೂಸ್, ರಿಲೇ, ಅರ್ಥ್ ತಂತಿ ನೋಡಿದ ನಂತರವೇ ಅದರ ಮೇಲೆ ಸಂಶಯ ಪಡಬೇಕು.

ಸಿಕ್ಕ ಸಂಪರ್ಕ ನಡುವೆ ಕಡಿದರೆ ಬ್ಯಾಟರಿ ದುರ್ಬಲವಿರಬಹುದು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದರೂ ಹೀಗಾಗುತ್ತದೆ. ಅದೇ ಸಾಕೆಟ್ಟಿಗೆ ಜಿ.ಪಿ.ಎಸ್. ಜೋಡಿಸಿದ್ದರೆ ಪರೀಕ್ಷೆಯ ವೇಳೆ ಕಳಚಿರಿ. ಕ್ಯಾಬಿನ್ ತೊಳೆಯುವಾಗ ಸಾಕೆಟ್ಟಿಗೆ ನೀರು ಎರಚಬೇಡಿ, ಪಿನ್ನು ಪಾಚಿಗಟ್ಟುತ್ತದೆ. ಕ್ಯಾನ್ ನಿಲ್ಲಿಸುವ ಕಟಾಂಜನಕ್ಕೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸಿರಿ.

ಸಂಕೇತವನ್ನು ಅಳಿಸುವ ಮೊದಲು ಕಾಗದದಲ್ಲಿ ಬರೆದುಕೊಳ್ಳಿರಿ. ಅಳಿಸಿದರೆ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ದೋಷ ಕಂಡ ಗಳಿಗೆಯಲ್ಲಿ ಇಂಜಿನ್ ಹೇಗಿತ್ತೆಂಬ ದಾಖಲೆಯೂ ಅದರೊಂದಿಗೆ ಅಳಿದುಹೋಗುತ್ತದೆ.