ಮುಗಿಲನ್ನು ಬಳಸಿ ಹೋಗುವವರು

ಮೇಘವನ್ನು ಕುರಿತು ನಮ್ಮ ಕವಿಗಳು ಬರೆದುದಕ್ಕೆ ಮಿತಿಯಿಲ್ಲ. ಆದರೆ ಅವರೆಲ್ಲರೂ ಅದನ್ನು ಕಂಡುದು ನೆಲದ ಮೇಲೆ ನಿಂತು. ಒಳಹೊಕ್ಕು ಬಂದವರ ಅನುಭವವೇ ಬೇರೆ. ಅಂಥದೊಂದು ಅನುಭವದ ವೃತ್ತಾಂತವನ್ನು ನಾನು ಓದಿದುದು ಕಾವ್ಯದಲ್ಲಲ್ಲ, ಸರಕಾರದ ಒಂದು ಹೇಳಿಕೆಯಲ್ಲಿ. ಅಲಂಕಾರದ ಸೋಂಕಿಲ್ಲದ ಆ ಗದ್ಯ ಬಹುಕಾಲ ನನ್ನನ್ನು ಬಿಡಲಿಲ್ಲ.

ಗುಡುಗಿನ ಮೋಡದ ನೆತ್ತಿ ನಮ್ಮ ಉಷ್ಣವಲಯದಲ್ಲಿ 16 ಕಿಲೋಮೀಟರನ್ನೂ ಮುಟ್ಟಬಲ್ಲುದು. ಪ್ರಯಾಣಿಕರ ವಿಮಾನ ಹಾರುವುದು 10-12 ಕಿಲೋಮೀಟರ್ ಎತ್ತರದಲ್ಲಿ. ಮೇಲಿಂದ ದಾಟುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಕೆಳಗೆ ನುಸುಳಿದರೆ ಇಳಿಗಾಳಿಯ ಹೊಡೆತ. ಉಳಿದುದು ಬಳಸಿ ಹೋಗುವ ದಾರಿಯೊಂದೇ. 'ಬಳಸು' ಎಂದರೆ ಸುತ್ತಿಹೋಗು ಎಂಬ ಹಳೆಯ ಅರ್ಥವನ್ನು ನನ್ನ ವಿದ್ಯಾರ್ಥಿಗಳು ಬಹುಮಟ್ಟಿಗೆ ಮರೆತಿದ್ದಾರೆ. ವೈಮಾನಿಕನಿಗೆ ಬೇಕಾದುದು ಆ ಅರ್ಥವೇ. ಉಗ್ರವಾದ ಮೋಡದಿಂದ 20 ನಾಟಿಕಲ್ ಮೈಲಿ, ಎಂದರೆ ಸುಮಾರು 37 ಕಿಲೋಮೀಟರ್ ದೂರವಿರಬೇಕೆಂಬುದು ಅವರ ಪಾಠ.

ಆದರೆ ತನಗೆ ತೋಚಿದಂತೆ ತಿರುಗಲು ಆಕಾಶ ಬಯಲಲ್ಲ. ವಿಮಾನದ ಮೂಗಿನೊಳಗಿರುವ ರೇಡಾರು ಮಳೆಹನಿಯನ್ನು ಚೆನ್ನಾಗಿ ಕಾಣುತ್ತದೆ, ಒಣ ಆಲಿಕಲ್ಲನ್ನು ಮಸುಕಾಗಿ. ನೆಲದ ನಿಯಂತ್ರಕನ ತೆರೆಯ ಮೇಲೆ ಕಾಣುವುದು ಮುಖ್ಯವಾಗಿ ಇತರ ವಿಮಾನಗಳು. ಒಬ್ಬನಿಗೆ ಮೋಡ ತಿಳಿದಿದೆ, ಇನ್ನೊಬ್ಬನಿಗೆ ದಾರಿ. ಇದು ನಮ್ಮ ಅಂಧಪಂಗುನ್ಯಾಯವೇ. ಹೋಲಿಕೆ ಅಷ್ಟು ಗೌರವದ್ದಲ್ಲವೆಂದು ಬಲ್ಲೆ. ಇಬ್ಬರನ್ನೂ ಕೂಡಿಸುವುದು ಮಾತು. ಆ ಮಾತಿನಲ್ಲಿಯೂ ಎಂಥ ವಿವೇಕ! ದಾರಿ ಬಿಡಲು 'ಕೋರುತ್ತೇನೆ' ಎನ್ನುವುದು ಬೇರೆ, 'ಬೇಕಾಗಿದೆ' ಎನ್ನುವುದು ಬೇರೆ. ಎರಡನೆಯದನ್ನು ಕೇಳಿದೊಡನೆ ನಿಯಂತ್ರಕ ಆ ವಿಮಾನಕ್ಕೆ ಆದ್ಯತೆ ಕೊಡಬೇಕು. ಒಂದು ಕ್ರಿಯಾಪದಕ್ಕೆ ಇಷ್ಟು ಭಾರವಿರುವುದನ್ನು ನಾನು ವ್ಯಾಕರಣದಲ್ಲಿ ಕಂಡಿರಲಿಲ್ಲ.

2025ರ ಮೇ 21ರಂದು ಇಂಡಿಗೋ ವಿಮಾನವೊಂದು ಇನ್ನೂರಕ್ಕೂ ಹೆಚ್ಚು ಜನರೊಡನೆ ದೆಹಲಿಯಿಂದ ಶ್ರೀನಗರಕ್ಕೆ ಹೊರಟಿತ್ತು. ಪಠಾಣಕೋಟೆಯ ಬಳಿ, 36,000 ಅಡಿ ಎತ್ತರದಲ್ಲಿ, ಎದುರಿಗೆ ಮೋಡ. ಎಡಕ್ಕೆ ಸರಿಯಬೇಕು, ಎಡಕ್ಕಿದ್ದುದು ಪಾಕಿಸ್ತಾನದ ಗಡಿ. ಪಹಲ್‌ಗಾಮಿನ ಹತ್ಯೆಗಳ ತರುವಾಯ ಎರಡು ದೇಶಗಳೂ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದ್ದ ದಿನಗಳವು. ನಮ್ಮ ವಾಯುಪಡೆಯ ಉತ್ತರ ನಿಯಂತ್ರಣ ಕೇಂದ್ರ ಒಪ್ಪಲಿಲ್ಲ. ಲಾಹೋರನ್ನು ಕೇಳಿದರು, ಅದೂ ಒಪ್ಪಲಿಲ್ಲ. ಹಿಂತಿರುಗಲು ನೋಡಿದರು, ಅಷ್ಟರಲ್ಲಿ ಮೋಡ ಸಮೀಪಿಸಿತ್ತು. ಒಳಹೊಕ್ಕು, ಅತ್ಯಂತ ಹತ್ತಿರದ ದಾರಿಯಲ್ಲಿ ಹೊರಬೀಳುವುದೆಂದು ನಿಶ್ಚಯಿಸಿದರು.

ಒಳಗೆ ಆಲಿಕಲ್ಲು. ಏರುಗಾಳಿ, ಇಳಿಗಾಳಿ. ಸ್ವಯಂಚಾಲನೆ ತಾನಾಗಿ ಕಳಚಿತು. ವೇಗ ಸೂಚಿಸುವ ಉಪಕರಣಗಳನ್ನು ನಂಬುವಂತಿರಲಿಲ್ಲ. ವಿಮಾನ ಒಮ್ಮೆ ನಿಮಿಷಕ್ಕೆ 8,500 ಅಡಿಯ ವೇಗದಲ್ಲಿ ಕುಸಿಯಿತು. ಸಾಧಾರಣವಾಗಿ ಇಳಿಯುವಾಗ ಅದು ಎರಡು ಮೂರು ಸಾವಿರ ಅಡಿಯ ಆಸುಪಾಸು. ವೈಮಾನಿಕರು ಕೈಯಿಂದಲೇ ಅದನ್ನು ಹಿಡಿದು ನಡೆಸಿದರು.

ಇಲ್ಲ ಎಂದವರನ್ನು ದೂರುವುದು ಸುಲಭ. ಆಕಾಶ ಮುಚ್ಚಿದ್ದ ಕಾಲದಲ್ಲಿ ಗಡಿ ದಾಟಿದ ವಿಮಾನದ ಗತಿ ಏನಾಗುತ್ತಿತ್ತೆಂದೂ ಯೋಚಿಸಬೇಕು. ಆದರೂ, ಸಿಡಿಲ ಮುಂದೆ ಬೇಡುವವನಿಗೆ ಎರಡು ನಾಡುಗಳಿಗೂ ಒಪ್ಪಿತವಾದ ಒಂದು ಮಾತಾದರೂ ಇರಬಾರದೇ ಎಂದು ನನ್ನ ಮನಸ್ಸು ಕೇಳುತ್ತದೆ.

ಮೋಡದಿಂದ ಹೊರಬಂದು, ತುರ್ತು ಸಾರಿ, ಶ್ರೀನಗರದ ನಿಯಂತ್ರಕರು ದಾರಿ ತೋರಿದಂತೆ ಅವರು ಇಳಿದರು. ಯಾರಿಗೂ ಗಾಯವಾಗಲಿಲ್ಲ. ಇಳಿದ ಮೇಲೆ ನೋಡಿದಾಗ ಜಖಂಗೊಂಡಿದ್ದುದು ವಿಮಾನದ ಮೂಗು, ರೇಡಾರಿಗೆ ಹೊದಿಸಿದ್ದ ಕವಚ.